ವರ್ಷ ತುಂಬಿದ ಕೂಸಿಗೆ ಏನು ಕೊಡಬೇಕು?

ಕೂಸಿನ ಮೊದಲ ಹುಟ್ಟುಹಬ್ಬಕ್ಕೆ ಕರೆ ಬಂದರೆ ಮುಂಡರಗಿಯಲ್ಲಾಗಲಿ ಗದಗ-ಬೆಟಗೇರಿಯಲ್ಲಾಗಲಿ ಬಹಳ ಮಂದಿಯ ಕೈ ಹೋಗುವುದು ನಾಲ್ಕೇ ವಸ್ತುಗಳತ್ತ: ಬೆಳ್ಳಿಯ ಉಡದಾರ ಅಥವಾ ಕಾಲ್ಗಡಗ, ಝಗಮಗಿಸುವ ಒಂದು ಜೊತೆ ಬಟ್ಟೆ, ಲಕೋಟೆಯಲ್ಲಿಟ್ಟ ನೋಟು, ಇಲ್ಲವೆ ಗುಂಡಿ ಒತ್ತಿದರೆ ದೀಪ ಮಿನುಗಿಸಿ ಹಾಡು ಹೇಳುವ ಪ್ಲಾಸ್ಟಿಕ್ ಆಟಿಕೆ. ಮಂದಿ ಮನೆಗೆ ಹೋದ ಮೇಲೆ ಬೆಳ್ಳಿ ತಿಜೋರಿ ಸೇರುತ್ತದೆ. ಬಟ್ಟೆ ನಾಲ್ಕು ತಿಂಗಳಲ್ಲಿ ಗಿಡ್ಡವಾಗುತ್ತದೆ. ದುಡ್ಡು ಶಾಮಿಯಾನಕ್ಕೂ ಕೇಕಿಗೂ ಹೋಗುತ್ತದೆ. ಆಟಿಕೆಯ ಸೆಲ್ಲು ಬೇಗನೆ ತೀರುತ್ತದೆ. ಕೊಟ್ಟವರ ಪ್ರೀತಿಯನ್ನು ಹೀಗಳೆಯಲು ಈ ಮಾತು ಹೇಳುತ್ತಿಲ್ಲ. ಪ್ರೀತಿ ಇದೆ, ದುಡ್ಡೂ ಖರ್ಚಾಗಿದೆ. ಆದರೆ ಯಾರ ಹೆಸರಿನಲ್ಲಿ ಇಷ್ಟೆಲ್ಲ ನಡೆಯಿತೋ ಆ ಕೂಸಿಗೆ ದಕ್ಕಿದ್ದೆಷ್ಟು ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಲೇಬೇಕು. ನನ್ನ ವಾದ ಇಷ್ಟು: ವರ್ಷದ ಕೂಸಿಗೆ ಕೊಡುವ ವಸ್ತುವಿನ ಯೋಗ್ಯತೆಯನ್ನು ರೂಪಾಯಿಯಲ್ಲಿ ಅಳೆಯಬಾರದು, ಅದು ಮನೆಯ ದೊಡ್ಡವರನ್ನು ಎಷ್ಟು ಹೊತ್ತು ಕೂಸಿನ ಪಕ್ಕ ನೆಲದ ಮೇಲೆ ಕೂರಿಸಿ ಮಾತಾಡಿಸುತ್ತದೆ ಎಂಬುದರಿಂದ ಅಳೆಯಬೇಕು. ದೊಡ್ಡವರನ್ನು ಎಬ್ಬಿಸಿ ಬೇರೆ ಕೆಲಸಕ್ಕೆ ಕಳಿಸುವ ವಸ್ತು ಎಷ್ಟೇ ದುಬಾರಿಯಾಗಿರಲಿ, ಆ ವಯಸ್ಸಿಗೆ ತಕ್ಕ ಉಡುಗೊರೆಯಲ್ಲ.

ಕೇಕು ಕೊಯ್ದು ಮಾಡುವ ಹುಟ್ಟುಹಬ್ಬ ನಮ್ಮ ಸೀಮೆಯಲ್ಲಿ ಹಳೆಯ ಆಚರಣೆಯಲ್ಲ. ಮೇಣಬತ್ತಿ, ಕೂಸಿನ ಫೋಟೊ ಹಾಕಿಸಿದ ಫ್ಲೆಕ್ಸು ಇವೆಲ್ಲ ಈಚಿನ ಒಂದೆರಡು ತಲೆಮಾರಿನಲ್ಲಿ ಬಂದವು. ಅದಕ್ಕೂ ಮುಂಚೆ ತೊಟ್ಟಿಲ ಕಾರ್ಯ, ಜಾವಳ, ಕಿವಿ ಚುಚ್ಚುವುದು ಇದ್ದವು. ಪ್ರತಿಯೊಂದಕ್ಕೂ ಅದರದೇ ಆದ ಕೊಡುಗೆ ಇತ್ತು. ತವರಿನವರು ತೊಟ್ಟಿಲು ತರುತ್ತಿದ್ದರು. ಚಿತ್ರ ಬಿಡಿಸಿದ ಕಲಘಟಗಿಯ ಕಟ್ಟಿಗೆಯ ತೊಟ್ಟಿಲಿಗೆ ಧಾರವಾಡ ಸೀಮೆಯಲ್ಲಿ ಇಂದಿಗೂ ಹೆಸರಿದೆ. ಕುಂಚಿಗೆಯನ್ನು ಮನೆಯ ಹೆಂಗಸರೇ ಹೊಲಿಯುತ್ತಿದ್ದರು. ಜಾವಳದಲ್ಲಿ ಕೂಸು ಕೂರುವುದು ಸೋದರಮಾವನ ತೊಡೆಯ ಮೇಲೆ. ಈ ಕೊಡುಗೆಗಳನ್ನು ಹತ್ತಿರದಿಂದ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಯಾವುದೂ ಒಬ್ಬ ಮನುಷ್ಯನಿಲ್ಲದೆ ಕೆಲಸಕ್ಕೆ ಬರುವುದಿಲ್ಲ. ತೊಟ್ಟಿಲು ತಾನೇ ತೂಗಿಕೊಳ್ಳಲಾರದು; ತೂಗುವ ಕೈ ಬೇಕು, ತೂಗುವವಳ ಬಾಯಲ್ಲಿ ಜೋಗುಳ ತಾನಾಗಿ ಬರುತ್ತದೆ. ಜನಪದ ಹಾಡುಗಳಲ್ಲಿ ಜೋಗುಳಗಳು ಅಷ್ಟೊಂದು ಸಿಗುವುದಕ್ಕೆ ತೊಟ್ಟಿಲೂ ಒಂದು ಕಾರಣವೆಂದು ನಾನು ತಿಳಿದಿದ್ದೇನೆ. ಹಳೆಯದೆಲ್ಲ ಒಳ್ಳೆಯದೆಂಬ ಮಾತು ನನ್ನದಲ್ಲ. ಆ ಕಾಲದಲ್ಲಿ ಕೂಸುಗಳು ಸಾಯುತ್ತಿದ್ದ ಪ್ರಮಾಣ ನೆನೆದರೆ ಅಂಥ ಮಾತು ಬಾಯಿಗೆ ಬರಲಾರದು. ಆದರೆ ಕೊಡುಗೆಯ ಜೊತೆಗೆ ಒಬ್ಬ ಮನುಷ್ಯನನ್ನೂ ಕಟ್ಟಿಕೊಡುವ ಆ ಕ್ರಮ ಸರಿಯಾಗಿತ್ತು. ಅದನ್ನು ಕೈಬಿಡಲು ಕಾರಣವೇ ಇರಲಿಲ್ಲ.

ವರ್ಷದ ಕೂಸಿನ ಒಳಗೆ ಆಗ ನಡೆಯುತ್ತಿರುವುದನ್ನು ಗಮನಿಸಿದರೆ ಈ ಮಾತಿಗೆ ಆಧಾರ ಸಿಗುತ್ತದೆ. ಹುಟ್ಟಿದಂದಿನಿಂದ ವರ್ಷ ತುಂಬುವುದರೊಳಗೆ ಮಿದುಳಿನ ಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮುಂದೆ ಆಯುಷ್ಯದ ಯಾವ ವರ್ಷದಲ್ಲೂ ಅಷ್ಟು ಬೆಳವಣಿಗೆ ಇಲ್ಲ. ಹೆಬ್ಬೆರಳು ತೋರುಬೆರಳು ಕೂಡಿಸಿ ಕಾಳು ಹೆಕ್ಕುವುದು, ಮುಚ್ಚಿಟ್ಟ ವಸ್ತುವನ್ನು ಹುಡುಕುವುದು, ಬಟ್ಟಲಿಗೆ ಹಾಕಿ ತೆಗೆದು ಮತ್ತೆ ಹಾಕುವುದು, ಹಿಡಿದು ನಿಲ್ಲುವುದು ಇವೆಲ್ಲ ಈ ಹೊತ್ತಿನ ಕೆಲಸಗಳು. ಇವುಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೆರಳು ಚಾಚಿ ತೋರಿಸುವುದು. ಕೂಸು ಹಲ್ಲಿಯತ್ತ ಕೈ ತೋರಿ ತಾಯಿಯ ಮುಖ ನೋಡುತ್ತದೆ. ಹಲ್ಲಿಯನ್ನು ಹಿಡಿದುಕೊಡಬೇಕೆಂದಲ್ಲ, ತಾನು ಕಂಡದ್ದನ್ನು ಅವಳೂ ಕಾಣಬೇಕೆಂದು. ತಾಯಿ ‘ಹಲ್ಲಿ’ ಎಂದಳೋ, ಒಂದು ಮಾತು ಕೂಸಿನ ಮನಸ್ಸಿಗೆ ಇಳಿಯುತ್ತದೆ. ಅವಳು ಆ ಕಡೆ ನೋಡದಿದ್ದರೆ ಆ ಗಳಿಗೆ ಬರಿದೇ ಹೋಗುತ್ತದೆ. ಭಾಷೆ ಬರುವುದು ಈ ಕೊಡು-ಕೊಳ್ಳುವಿಕೆಯಿಂದ. ಅದಕ್ಕೆ ಎರಡು ಜೀವ ಬೇಕು. ವಸ್ತು ನಡುವೆ ಒಂದು ನೆಪವಾಗಿ ಇದ್ದರೆ ಸಾಕು.

ಹಾಡುವ, ಮಾತಾಡುವ ಆಟಿಕೆ ಈ ನೆಪವನ್ನು ಕೆಡಿಸುತ್ತದೆ ಎನ್ನುವುದಕ್ಕೆ ಅಳೆದು ನೋಡಿದ ಪುರಾವೆ ಇದೆ. ಅಮೆರಿಕದ ಅರಿಜೋನಾದಲ್ಲಿ ಆನಾ ಸೋಸಾ ಎಂಬ ಸಂಶೋಧಕಿ 10ರಿಂದ 16 ತಿಂಗಳ ಕೂಸುಗಳಿದ್ದ 26 ಮನೆಗಳಲ್ಲಿ ತಂದೆತಾಯಿಯರ ಮಾತನ್ನು ದಾಖಲಿಸಿ, ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿದರು. ಸೆಲ್ ಹಾಕಿದ ಆಟಿಕೆ, ಸೆಲ್ಲಿಲ್ಲದ ಸಾದಾ ಆಟಿಕೆ, ರಟ್ಟು ಹಾಳೆಯ ಚಿತ್ರಪುಸ್ತಕ ಈ ಮೂರನ್ನೂ ಬೇರೆ ಬೇರೆ ಹೊತ್ತಿನಲ್ಲಿ ಕೊಟ್ಟು ನೋಡಲಾಯಿತು. ಸೆಲ್ಲಿನ ಆಟಿಕೆ ಹಿಡಿದು ಕೂತಾಗ ದೊಡ್ಡವರು ನಿಮಿಷಕ್ಕೆ ಆಡಿದ್ದು ಸುಮಾರು 40 ಪದ, ಸಾದಾ ಆಟಿಕೆಯೊಂದಿಗೆ 56, ಪುಸ್ತಕದೊಂದಿಗೆ 67. ಕೂಸುಗಳೂ ಸೆಲ್ಲಿನ ಆಟಿಕೆ ಇದ್ದಾಗ ಕಡಿಮೆ ದನಿ ತೆಗೆದವು. ಕಾರಣ ಕಾಣದಂಥದ್ದೇನಲ್ಲ: ಆಟಿಕೆ ಬಾಯಿ ಬಿಟ್ಟಿತೆಂದರೆ ತಾಯಿ ಸುಮ್ಮನಾಗುತ್ತಾಳೆ. ಅದು ಆಡುವ ಮಾತು ಕೂಸು ತೋರಿಸಿದ್ದಕ್ಕೆ ಉತ್ತರವೂ ಅಲ್ಲ, ಬಹಳ ಸಲ ನಮ್ಮ ಭಾಷೆಯದೂ ಅಲ್ಲ. ಮೊಬೈಲು ಇದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯಲ್ಲಿ ವರ್ಷದೊಳಗಿನವರಿಗೆ ಪರದೆ ಬೇಡವೇ ಬೇಡ ಎಂದಿದೆ, ವರ್ಷ ತುಂಬಿದವರಿಗೂ ಅದನ್ನು ಒಪ್ಪಿಲ್ಲ. ಭಾರತದ ಮಕ್ಕಳ ವೈದ್ಯರ ಸಂಘವೂ ಎರಡು ವರ್ಷದವರೆಗೆ ಬೇಡವೆಂದೇ ಹೇಳುತ್ತದೆ.

ಇಪ್ಪತ್ತಾರು ಮನೆ, ಅದೂ ಅಮೆರಿಕದವು. ಅದನ್ನು ತಂದು ಡಂಬಳಕ್ಕೋ ಹಮ್ಮಿಗಿಗೋ ಹೊಂದಿಸುವುದು ಹೇಗೆ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರವಾಗಿ ಬಡತನದ ನಡುವೆಯೇ ನಡೆದ ಒಂದು ಅಧ್ಯಯನವಿದೆ. ಜಮೈಕಾದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ 1986-87ರಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು, ವಯಸ್ಸಿಗೆ ತಕ್ಕ ಎತ್ತರವಿಲ್ಲದ 9ರಿಂದ 24 ತಿಂಗಳ 129 ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ವಾರಕ್ಕೊಮ್ಮೆ ಪೌಷ್ಟಿಕ ಹಾಲಿನ ಪುಡಿ ಕೊಟ್ಟರು. ಕೆಲವರ ಮನೆಗೆ ವಾರಕ್ಕೊಂದು ತಾಸು ಆರೋಗ್ಯ ಕಾರ್ಯಕರ್ತೆ ಹೋಗಿ, ಕೂಸಿನ ಜೊತೆ ಆಡುವುದನ್ನು, ಮಾತಾಡುವುದನ್ನು ತಾಯಿಗೆ ತೋರಿಸಿಕೊಟ್ಟಳು. ಕೆಲವರಿಗೆ ಎರಡೂ ಸಿಕ್ಕವು, ಕೆಲವರಿಗೆ ಒಂದೂ ಇಲ್ಲ. ಎರಡು ವರ್ಷ ಇದು ನಡೆಯಿತು. ಕಾರ್ಯಕರ್ತೆ ಕೊಂಡೊಯ್ಯುತ್ತಿದ್ದ ಆಟಿಕೆಗಳು ಮನೆಯಲ್ಲಿ ಸಿಗುವ ಸಾಮಾನಿನಿಂದ ಕೈಯಲ್ಲೇ ಮಾಡಿದವು. ಒಂದು ವಾರ ಇಟ್ಟು ಮುಂದಿನ ವಾರ ಬದಲಿಸುತ್ತಿದ್ದಳು. ಇಪ್ಪತ್ತು ವರ್ಷದ ಮೇಲೆ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ, ಆಟ-ಮಾತು ಸಿಕ್ಕಿದವರ ಗಳಿಕೆ ಸಿಗದವರಿಗಿಂತ ಶೇ. 25ರಷ್ಟು ಹೆಚ್ಚಿತ್ತು. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಬರೀ ಹಾಲಿನ ಪುಡಿಯಿಂದ ಅಂಥ ಪರಿಣಾಮ ಕಾಣಲಿಲ್ಲ. ಊಟ ಬೇಡವೆಂದು ಇದರ ಅರ್ಥವಲ್ಲ. ಅರೆಹೊಟ್ಟೆಯ ಮನೆಯಲ್ಲೂ ಕೂಸಿಗೆ ಮಾತು ಸಿಗಬೇಕು, ಅದನ್ನು ಸಿಗುವಂತೆ ಮಾಡಲು ಕೈಯಲ್ಲೇ ಮಾಡಿದ ಒಂದು ಆಟಿಕೆ, ಅದರೊಡನೆ ಬಂದ ಒಬ್ಬ ಹೆಂಗಸು ಸಾಕಾದರು ಎಂಬುದು ಇದರ ಸಾರ. ವರ್ಷದ ಕೂಸಿಗೆ ಏನೂ ನೆನಪಿರುವುದಿಲ್ಲ, ಏನು ಕೊಟ್ಟರೂ ನಡೆಯುತ್ತದೆ ಎನ್ನುವವರಿಗೂ ಉತ್ತರ ಇಲ್ಲೇ ಇದೆ. ಆ ಮಕ್ಕಳಿಗೂ ನೆನಪಿರಲಿಕ್ಕಿಲ್ಲ, ಆದರೆ ಕೈಗೆ ಬಂದ ಸಂಬಳದಲ್ಲಿ ವ್ಯತ್ಯಾಸ ಉಳಿದಿತ್ತು.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಭಾರವಾದದ್ದು. ಹೊಲಕ್ಕೆ ಹೋಗುವ ತಾಯಿಗೆ ನೆಲದ ಮೇಲೆ ಕೂತು ಆಡಲು ಹೊತ್ತೆಲ್ಲಿದೆ? ಮುಂಡರಗಿ ತಾಲ್ಲೂಕಿಗೆ ಒಂದು ಕಡೆ ತುಂಗಭದ್ರೆ ಇದೆ, ಇನ್ನೊಂದು ಕಡೆ ಕಪ್ಪತಗುಡ್ಡ. ನಡುವೆ ಮಳೆಯನ್ನೇ ನಂಬಿದ ಎರೆಹೊಲಗಳು, ಅಲ್ಲಿ ಜೋಳ, ಕಡಲೆ, ಉಳ್ಳಾಗಡ್ಡಿ. ಸಿಂಗಟಾಲೂರು ಏತ ನೀರಾವರಿ ಬಂದ ಮೇಲೂ ನೀರು ಕಾಣದ ಹೊಲಗಳಿವೆ. ಮಳೆ ಕೈಕೊಟ್ಟ ವರ್ಷ ತಾಂಡಾಗಳಿಂದಲೂ ಊರುಗಳಿಂದಲೂ ಜನ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಕೂಸೂ ಗಂಟಿನ ಜೊತೆ ಹೋಗುತ್ತದೆ. ಇಂಥ ಮನೆಯಲ್ಲಿ ತಾನೇ ಹಾಡುವ ಆಟಿಕೆಯೋ ಮೊಬೈಲೋ ತಾಯಿಯ ಕೈಗೆ ಅರ್ಧ ತಾಸು ಬಿಡುವು ಕೊಟ್ಟರೆ ಅದನ್ನು ತಪ್ಪೆನ್ನಲು ಯಾರಿಗೂ ಹಕ್ಕಿಲ್ಲ. ತಪ್ಪು ತಾಯಿಯದಲ್ಲವೆಂದು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಹುಟ್ಟುಹಬ್ಬಕ್ಕೆ ಬರುವವರು ನಾವು, ಸುತ್ತಲಿನ ಬಳಗ. ತಾಯಿಗೆ ಹೊತ್ತಿಲ್ಲವೆಂಬುದು ನಮಗೆ ಗೊತ್ತಿದ್ದರೆ ನಾವು ಕೊಡಬೇಕಾದದ್ದು ಹೊತ್ತು. ಅಜ್ಜಿ, ಅತ್ತೆ, ಚಿಕ್ಕಪ್ಪ, ಶಾಲೆಗೆ ಹೋಗುವ ಅಕ್ಕ ಇವರಲ್ಲಿ ಯಾರಾದರೂ ದಿನಕ್ಕೆ ಕಾಲು ತಾಸು ಕೂತರೂ ವಾರಕ್ಕೆ ಒಂದು ತಾಸನ್ನು ಮೀರುತ್ತದೆ. ಜಮೈಕಾದ ಆ ಕಾರ್ಯಕರ್ತೆ ಕೊಟ್ಟದ್ದು ವಾರಕ್ಕೊಂದೇ ತಾಸು. ಬಿಡುವಿಲ್ಲದ ಮನೆಗೆ, ಜಾಗ ಹಿಡಿಯದ, ಮುರಿಯದ, ಗಂಟಿನಲ್ಲಿ ಹಿಡಿಸುವ, ಯಾರ ಕೈಗೆ ಸಿಕ್ಕರೂ ಕೂಸಿನ ಜೊತೆ ಮಾತು ಹುಟ್ಟಿಸುವ ವಸ್ತು ಬೇಕು. ಆಕ್ಷೇಪಣೆ ನಿಜವಾದದ್ದರಿಂದಲೇ ಆಯ್ಕೆ ಇನ್ನಷ್ಟು ಎಚ್ಚರದಿಂದ ಆಗಬೇಕು.

ಇಷ್ಟು ಸರಳವಾದ ಮಾತು ಆಚರಣೆಗೆ ಬಾರದಿರಲು ಕಾರಣ ಅಜ್ಞಾನವೆಂದು ನನಗನಿಸುವುದಿಲ್ಲ. ಕಾರಣ ಮುಯ್ಯಿ. ಮದುವೆಯಲ್ಲಿ, ಗೃಹಪ್ರವೇಶದಲ್ಲಿ, ಈಗ ಹುಟ್ಟುಹಬ್ಬದಲ್ಲೂ ಯಾರು ಎಷ್ಟು ಮಾಡಿದರೆಂದು ವಹಿಯಲ್ಲಿ ಬರೆದಿಡುವ ರೂಢಿ ಇದೆ. ಅವರ ಮನೆಯ ಕಾರ್ಯಕ್ಕೆ ಅಷ್ಟನ್ನೋ ಅದಕ್ಕೊಂದಿಷ್ಟು ಸೇರಿಸಿಯೋ ತಿರುಗಿ ಮಾಡಬೇಕು. ಇದನ್ನು ಬರಿಯ ಡಂಭವೆಂದು ತಳ್ಳಿಹಾಕುವವರು ಹಳ್ಳಿಯ ಅರ್ಥವ್ಯವಸ್ಥೆಯನ್ನು ತಿಳಿದವರಲ್ಲ. ಬ್ಯಾಂಕಿನ ಬಾಗಿಲು ತೆರೆಯದ ಕಾಲದಲ್ಲಿ ಬಡ್ಡಿಯಿಲ್ಲದೆ ದೊಡ್ಡ ಮೊತ್ತ ಕೂಡಿಸುತ್ತಿದ್ದುದು ಮುಯ್ಯಿಯೇ. ಆದರೆ ಮದುವೆಗೆ ಹೊಂದುವ ಲೆಕ್ಕ ವರ್ಷದ ಕೂಸಿಗೆ ಹೊಂದುವುದಿಲ್ಲ. ವಹಿಯಲ್ಲಿ ಬರೆಯಬೇಕಾದರೆ ಬೆಲೆ ಕಾಣಬೇಕು. ಬೆಲೆ ಕಾಣಬೇಕಾದರೆ ಡಬ್ಬಿ ದೊಡ್ಡದಿರಬೇಕು, ಬಣ್ಣ ಹೊಳೆಯಬೇಕು, ಕೊಟ್ಟ ಕೂಡಲೇ ಸದ್ದು ಮಾಡಬೇಕು. ಅಂಗಡಿಯವನು ಅದನ್ನು ಬಲ್ಲ, ಅದಕ್ಕೇ ಅಂಥದ್ದನ್ನು ಮುಂದೆ ಜೋಡಿಸಿಡುತ್ತಾನೆ. ಹೀಗೆ ಉಡುಗೊರೆ ದೊಡ್ಡವರಿಂದ ದೊಡ್ಡವರಿಗೆ ಸಂದಾಯವಾಗುತ್ತದೆ, ಕೂಸಿನ ಕೈಗೆ ಬರುವುದು ಅದರ ಡಬ್ಬಿ. ಕೂಸು ಆಟಿಕೆ ಬಿಟ್ಟು ಡಬ್ಬಿಯ ಜೊತೆ ಆಡುವುದನ್ನು ಕಂಡು ಎಲ್ಲರೂ ನಗುತ್ತಾರೆ. ನನಗೆ ಕೂಸಿನ ಆಯ್ಕೆಯೇ ಸರಿಯೆನಿಸುತ್ತದೆ: ಡಬ್ಬಿಯನ್ನು ತೆರೆಯಬಹುದು, ಮುಚ್ಚಬಹುದು, ತಲೆಯ ಮೇಲೆ ಇಟ್ಟುಕೊಳ್ಳಬಹುದು, ಅದರೊಳಗೆ ಚಮಚ ಹಾಕಿ ಕುಲುಕಬಹುದು.

ಬೆಳ್ಳಿಯ ಬಗ್ಗೆ ನಾನು ಹೀಗೆ ಮಾತಾಡಲಾರೆ. ಬರದ ಸೀಮೆಯ ಹೆಣ್ಣುಮಕ್ಕಳಿಗೆ ಕೂಸಿನ ಉಡದಾರವೂ ಕಡಗವೂ ಕಷ್ಟಕಾಲದ ಆಸರೆ; ಒತ್ತೆಯಿಟ್ಟು ಬೀಜ ತಂದ ಮನೆಗಳು ಈ ಭಾಗದಲ್ಲಿ ಕಡಿಮೆಯಿಲ್ಲ. ಅದು ಉಳಿತಾಯ, ಉಳಿತಾಯವೆಂದೇ ಅದನ್ನು ಕೊಡೋಣ. ಹಾಗೆ ಒಪ್ಪಿಕೊಂಡ ಮೇಲೆ ಇನ್ನೂ ಒಳ್ಳೆಯ ಉಳಿತಾಯ ಯಾವುದೆಂದು ಲೆಕ್ಕ ಹಾಕಬಹುದು. ಬೆಳ್ಳಿಯನ್ನು ಮಾರಹೋದರೆ ಮಾಡಿಸಿದ ಕೂಲಿ ಹೋಗುತ್ತದೆ, ಸವಕಳಿ ಹೋಗುತ್ತದೆ. ಹೆಣ್ಣುಕೂಸಾದರೆ 2015ರಲ್ಲಿ ಶುರುವಾದ ಸುಕನ್ಯಾ ಸಮೃದ್ಧಿ ಖಾತೆಯನ್ನು ಅಂಚೆ ಕಚೇರಿಯಲ್ಲಿ 250 ರೂಪಾಯಿಗೆ ತೆರೆಯಬಹುದು. 15 ವರ್ಷ ಕಟ್ಟಿದರೆ ತೆರೆದ 21 ವರ್ಷಕ್ಕೆ ಕೈಗೆ ಬರುತ್ತದೆ, ಹದಿನೆಂಟಾದ ಮೇಲೆ ಓದಿಗೆ ಅರ್ಧದವರೆಗೆ ತೆಗೆಯಬಹುದು. ಗಂಡುಕೂಸಿಗೆ ಅಂಚೆಯ ಬೇರೆ ಠೇವಣಿಗಳಿವೆ. ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದ ಜಿಲ್ಲೆ ಇದು. ಹನಿಗೂಡಿಸುವುದನ್ನು ಇಲ್ಲಿಯವರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಆದರೆ ಉಳಿತಾಯ ಇಪ್ಪತ್ತು ವರ್ಷದ ಮುಂದಿನವಳಿಗೆ. ಇವತ್ತು ನೆಲದ ಮೇಲೆ ಅಂಬೆಗಾಲಿಡುತ್ತಿರುವವಳಿಗೆ ಕೊಡುವುದು ಇನ್ನೂ ಬಾಕಿಯಿದೆ. ಬೆಳ್ಳಿ ಕೊಟ್ಟೇ ತೀರುವವರು ಸಣ್ಣ ಗೆಜ್ಜೆಗಳಿರುವುದನ್ನು ಕೊಡದಿರಲಿ. ಕಳಚಿದ ಗೆಜ್ಜೆ ನೇರ ಬಾಯಿಗೆ ಹೋಗುತ್ತದೆ.

ಹಾಗಾದರೆ ಇವತ್ತಿನ ಕೂಸಿಗೆ ಏನು? ನನ್ನ ಉತ್ತರ ಕೌದಿ. ಸವೆದ ಸೀರೆ, ಹಳೆಯ ಧೋತರ, ಖಣದ ತುಂಡುಗಳನ್ನು ಪದರ ಪದರವಾಗಿ ಹಾಸಿ ಕೈಹೊಲಿಗೆ ಹಾಕಿದ ಹಾಸಿಗೆ-ಹೊದಿಕೆ ಉತ್ತರ ಕರ್ನಾಟಕದ ಮನೆಮನೆಯಲ್ಲಿತ್ತು. ಹೊಲಿಯುವುದನ್ನೇ ಕಸುಬು ಮಾಡಿಕೊಂಡ ಹೆಂಗಸರೂ ಇದ್ದಾರೆ. ಬ್ಲಾಂಕೆಟ್ಟು ಬಂದ ಮೇಲೆ ಅದನ್ನು ಬಡವರ ವಸ್ತುವೆಂದು ಒಳಗಿಟ್ಟೆವು. ಕೂಸಿನ ಅಳತೆಗೋಲಿನಿಂದ ನೋಡಿದರೆ ಅದಕ್ಕೆ ಸಾಟಿಯಾದ ಆಟಿಕೆ ಅಂಗಡಿಯಲ್ಲಿಲ್ಲ. ಅದರ ಮೇಲೆ ಇಬ್ಬರು ಮೂವರು ಕೂರಬಹುದು. ಹಾಸಿದ ಕೂಡಲೇ ಯಾರಾದರೂ ಕೂರುತ್ತಾರೆ. ನೂರು ಸಲ ಒಗೆದ ಹತ್ತಿಬಟ್ಟೆ ಮೊಣಕಾಲಿಗೆ ಮೆತ್ತಗೆ. ಕೆಂಪಿನ ಪಕ್ಕ ಹಸಿರು, ಗೆರೆಯ ಪಕ್ಕ ಚುಕ್ಕೆ, ನುಣುಪಿನ ಪಕ್ಕ ಒರಟು ಹೀಗೆ ಕಣ್ಣಿಗೂ ಬೆರಳಿಗೂ ಬೇಕಾದದ್ದೆಲ್ಲ ಒಂದೇ ಕಡೆ. ಎಲ್ಲಕ್ಕಿಂತ ಮೇಲಾಗಿ, ಪ್ರತಿ ತುಂಡಿಗೂ ಒಬ್ಬ ಒಡೆಯ ಇದ್ದಾನೆ. ಕೂಸು ಒಂದರ ಮೇಲೆ ಬೆರಳಿಟ್ಟರೆ ಅಜ್ಜಿ ಸುಮ್ಮನಿರಲಾರಳು: ಇದು ನಿನ್ನ ಅವ್ವನ ಇಳಕಲ್ ಸೀರೆ, ಇದು ಬೆಟಗೇರಿಯ ಮಗ್ಗದ್ದು, ಇದು ಅಜ್ಜನ ಧೋತರ, ಇದು ಅತ್ತೆಯ ಮದುವೆಯ ಖಣ. ಸೋಸಾ ಅವರ ಎಣಿಕೆಯಲ್ಲಿ ಚಿತ್ರಪುಸ್ತಕ ಗೆದ್ದದ್ದು ಯಾಕೆಂದರೆ ಅದರ ಪುಟ ಪುಟವೂ ದೊಡ್ಡವರ ಬಾಯಿ ಬಿಡಿಸುತ್ತದೆ. ಕೌದಿಯನ್ನು ಓದುಬರಹ ಬಾರದ ಅಜ್ಜಿಯೂ ಓದಿ ಹೇಳಬಲ್ಲಳು. ಗುಳೆ ಹೋಗುವ ಮನೆಗೆ ಅದು ಗಂಟಿನ ಹೊದಿಕೆಯೂ ಆಗುತ್ತದೆ. ಪರವೂರಿನ ಶೆಡ್ಡಿನಲ್ಲಿ ಹಾಸಿದರೆ ಅಲ್ಲೊಂದಿಷ್ಟು ಮನೆಯ ಜಾಗ.

ಹಳೆಯ ಬಟ್ಟೆಯನ್ನು ಉಡುಗೊರೆಯೆಂದು ಕೊಡುವುದು ಮರ್ಯಾದೆಯೇ ಎಂಬ ಮಾತು ಬರುತ್ತದೆ. ಹುಟ್ಟಿದ ಕೂಸನ್ನು ಮೊದಲು ಸುತ್ತುವುದೇ ಹಿರಿಯರು ಉಟ್ಟು ಮೆತ್ತಗಾದ ಹಳೆಯ ಬಟ್ಟೆಯಲ್ಲಿ. ಬಾಳಿ ಬದುಕಿದವರ ಸೀರೆಯ ತುಂಡಿಗಾಗಿ ಕೇಳಿಕೊಂಡು ಬರುವ ಪದ್ಧತಿಯೂ ಉಂಟು. ಹನ್ನೆರಡು ತಿಂಗಳ ಹಿಂದೆ ಮಂಗಳಕರವಾಗಿದ್ದದ್ದು ಹುಟ್ಟುಹಬ್ಬಕ್ಕೆ ಅವಮಾನವಾಗಲು ಕಾರಣ ಕಾಣೆ. ಕೌದಿಯೊಂದೇ ಸರಿಯೆಂಬ ಹಟವೂ ನನಗಿಲ್ಲ. ಒಂದರೊಳಗೊಂದು ಕೂರುವ ಸ್ಟೀಲಿನ ಬಟ್ಟಲುಗಳು, ಬಟ್ಟೆಯ ಚೆಂಡು, ರಟ್ಟಿನ ಕನ್ನಡ ಚಿತ್ರಪುಸ್ತಕ ಇವೂ ಅದೇ ಕೆಲಸ ಮಾಡುತ್ತವೆ. ಹಿಡಿದು ತಳ್ಳುತ್ತ ನಡೆಯುವ ಮೂರು ಗಾಲಿಯ ಕಟ್ಟಿಗೆಯ ಗಾಡಿಯಲ್ಲಿ ಕೂಸು ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ಅದರೊಳಗೇ ಕೂರಿಸುವ ಪ್ಲಾಸ್ಟಿಕ್ ವಾಕರಿನ ಮಾತು ಬೇರೆ. ಅದು ಮೆಟ್ಟಿಲಿನಿಂದ ಉರುಳಿಸುತ್ತದೆ, ಅದಕ್ಕೇ ಕೆನಡಾ 2004ರಲ್ಲಿ ಅದನ್ನು ನಿಷೇಧಿಸಿತು. ಚನ್ನಪಟ್ಟಣದ ಅರಗು ಹಾಕಿದ ಆಟಿಕೆ ಒಳ್ಳೆಯ ಆಯ್ಕೆ, ಬಿಡಿಭಾಗ ಕಳಚದಂತಿದ್ದರೆ. ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ನಮ್ಮ ಹೆಮ್ಮೆ, ಆದರೆ ಅದು ನೋಡುವ ಗೊಂಬೆ, ಬಾಯಿಗಿಡುವುದಲ್ಲ. ಸೆಲ್ಲಿನ ಆಟಿಕೆ ಕೊಳ್ಳಲೇಬೇಕಾದವರು ಗುಂಡಿಯಂಥ ಚಪ್ಪಟೆ ಸೆಲ್ ಇರುವುದನ್ನು ಮುಟ್ಟಬಾರದು. ನುಂಗಿದರೆ ಎರಡು ತಾಸಿನೊಳಗೆ ಅನ್ನನಾಳ ಸುಡಬಹುದು. 2021ರ ಜನವರಿ 1ರಿಂದ ಕಾರ್ಖಾನೆಯ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಸಂತೆಯಲ್ಲಿ, ಜಾತ್ರೆಯಲ್ಲಿ ಗುರುತಿಲ್ಲದ್ದೂ ಸಿಗುತ್ತದೆ, ತಿರುಗಿಸಿ ನೋಡಿಯೇ ಕೊಳ್ಳಬೇಕು.

ಉಳಿಯುವುದು ಮುಯ್ಯಿಯ ತೊಡಕು. ಎಲ್ಲರೂ ದೊಡ್ಡ ಡಬ್ಬಿ ತರುವಾಗ ಒಬ್ಬರು ಬಟ್ಟಲು ತಂದರೆ ಅವರಿಗೆ ಸಂಕೋಚ, ಮನೆಯವರಿಗೂ ಮುಜುಗರ. ಒಬ್ಬೊಬ್ಬರೇ ಬದಲಾಗಿ ಎಂದರೆ ಆಗುವ ಕೆಲಸವಲ್ಲ. ಬದಲಾವಣೆ ಕರೆಯುವವರಿಂದ ಶುರುವಾಗಬೇಕು. ಅದಕ್ಕೆ ಎಲ್ಲರಿಗಿಂತ ಹೆಚ್ಚು ಅಧಿಕಾರವಿರುವುದು ಸೋದರಮಾವನಿಗೆ, ಏಕೆಂದರೆ ಕೂಸಿನ ಕಾರ್ಯಗಳಲ್ಲಿ ಅವನ ಮಾತಿಗೆ ಎದುರಿಲ್ಲ. ಹುಟ್ಟುಹಬ್ಬಕ್ಕೆ ಎರಡು ತಿಂಗಳು ಇರುವಾಗಲೇ ಬಳಗದ ಮನೆಗಳಿಗೆ ಅವನು ಒಂದು ಮಾತು ಹೇಳಿಕಳಿಸಲಿ: ಉಡುಗೊರೆ ತರಬೇಡಿ, ಮನೆಗೊಂದು ಗೇಣು ಹಳೆಯ ಹತ್ತಿಬಟ್ಟೆ ಕಳಿಸಿ, ಯಾರದೆಂದು ಹೇಳಿ ಕಳಿಸಿ. ಹೊಲಿಯುವವಳಿಗೆ ಕೈತುಂಬ ಕೂಲಿಯನ್ನು ಅವನು ಕೊಡಲಿ. ಮುಯ್ಯಿ ಮಾಡಲೇಬೇಕೆನ್ನುವವರ ದುಡ್ಡನ್ನು ಕೂಸಿನ ಅಂಚೆ ಖಾತೆಗೆ ಕಟ್ಟಿ, ವಹಿಯಲ್ಲಿ ಎಂದಿನಂತೆ ಬರೆದುಕೊಳ್ಳಲಿ. ಕೈಯಲ್ಲಿ ಹೆಚ್ಚಿದ್ದವರು, ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವವರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದಿರುವ ಕೂಸಿನ ಮನೆಗೆ ಅಂಥದೇ ಇನ್ನೊಂದು ಕೌದಿಯನ್ನೂ ನಾಲ್ಕು ಚಿತ್ರಪುಸ್ತಕಗಳನ್ನೂ ಮುಟ್ಟಿಸಬಹುದು.